ಸ್ಟುಡಿಯೋದ ನಾಸ್ ಕೈಕೊಟ್ಟಿದೆ, ಮದುವೆ ಫೋಟೋಗಳೆಲ್ಲ ಅದರೊಳಗಿವೆ: ಈಗ ಏನು ಮಾಡಬೇಕು?

ಪ್ರಶ್ನೆ: ಸಾಗರದ ಹತ್ತಿರ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಉಪನಯನ, ಗೃಹಪ್ರವೇಶದ ಫೋಟೋ, ವಿಡಿಯೋ ಎಲ್ಲವನ್ನೂ ನಾಲ್ಕು ಡಿಸ್ಕಿನ ನಾಸ್ ಪೆಟ್ಟಿಗೆಯಲ್ಲಿ, ಅಂದರೆ ನೆಟ್‌ವರ್ಕಿಗೆ ಜೋಡಿಸಿ ಬಳಸುವ ಡಿಸ್ಕಿನ ಪೆಟ್ಟಿಗೆಯಲ್ಲಿ, ಇಡುತ್ತಿದ್ದೆವು. ಒಂದೊಂದು ಡಿಸ್ಕೂ 4 ಟಿಬಿ, ರೇಡ್ 5. ಸುಮಾರು 8 ಟಿಬಿ ತುಂಬಿತ್ತು. ಯುಗಾದಿ ಹೊತ್ತಿಗೆ ಎರಡನೇ ಡಿಸ್ಕಿನ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿ, ಪೆಟ್ಟಿಗೆ ಬೀಪ್ ಬೀಪ್ ಅನ್ನತೊಡಗಿತು. ಸೀಸನ್ ಜೋರಾಗಿತ್ತು. ಫೋಟೋಗಳು ತೆರೆಯುತ್ತಿದ್ದವು. ಹಾಗಾಗಿ ಬೀಪ್ ಆಫ್ ಮಾಡಿ ಕೆಲಸ ಮುಂದುವರಿಸಿದೆವು. ಕಳೆದ ವಾರ ಸಂಜೆ ಗುಡುಗು ಮಳೆಗೆ ಮೂರು ನಾಲ್ಕು ಸಲ ಕರೆಂಟ್ ಹೋಗಿ ಬಂತು. ಆಮೇಲೆ ನಾಸ್ ಆನ್ ಆಗುತ್ತದೆ, ಆದರೆ 'ವಾಲ್ಯೂಮ್ ಕ್ರ್ಯಾಶ್ಡ್' (ಡಿಸ್ಕುಗಳು ಸೇರಿ ಆದ ಸಂಗ್ರಹ ಕುಸಿದಿದೆ) ಎಂದು ತೋರಿಸುತ್ತದೆ. ನಾಲ್ಕನೇ ಡಿಸ್ಕಿನ ದೀಪವೂ ಕೆಂಪು. ಮೂರು ಸಲ ರೀಸ್ಟಾರ್ಟ್ ಮಾಡಿ ನೋಡಿದೆ. ಒಂದು ಡಿಸ್ಕ್ ತೆಗೆದು ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ 'ಫಾರ್ಮ್ಯಾಟ್ ಮಾಡಬೇಕೇ' ಎಂದು ಕೇಳಿತು. ಹೆದರಿ ಕ್ಯಾನ್ಸಲ್ ಒತ್ತಿದೆ. ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೊಸ ಡಿಸ್ಕ್ ಹಾಕಿ ರಿಪೇರಿ ಒತ್ತು ಅಂತ ಒಬ್ಬರು. ಫ್ರಿಜ್ಜಿನಲ್ಲಿಟ್ಟು ತೆಗೆ ಅಂತ ಇನ್ನೊಬ್ಬರು. ಅದೇ ಮಾಡೆಲ್ಲಿನ ಬೋರ್ಡ್ ಬದಲಿಸು, ಉಚಿತ ಸಾಫ್ಟ್‌ವೇರ್ ಓಡಿಸು ಅನ್ನುವವರೂ ಇದ್ದಾರೆ. ಎರಡನೇ ಡಿಸ್ಕಿಗೆ ಇನ್ನೂ ವಾರಂಟಿ ಇದೆ, ಕಳಿಸಿ ಬದಲಿಸಿಕೊಳ್ಳಲೇ? ಈ ಸೀಸನ್ನಿನ 11 ಮದುವೆಗಳ ಆಲ್ಬಮ್ ಇನ್ನೂ ಕೊಟ್ಟಿಲ್ಲ. ಫೋಟೋಗಳು ಸಿಗುತ್ತವೆಯೇ?

ಉತ್ತರ: ನಾಸ್ ಇನ್ನೂ ಆನ್ ಇದ್ದರೆ ಮೊದಲು ಹೋಗಿ ಆಫ್ ಮಾಡಿ ಬನ್ನಿ. ಪ್ಲಗ್ ಕೀಳಬೇಡಿ, ಅದರ ಪವರ್ ಬಟನ್ ಒತ್ತಿ ಹಿಡಿದು ತಾನಾಗಿ ಮುಚ್ಚಿಕೊಳ್ಳಲು ಬಿಡಿ. ಆಮೇಲೆ ಮುಂದಕ್ಕೆ ಓದಿ.

ನಿಮ್ಮ ಸಂಕಟ ಅರ್ಥವಾಗುತ್ತದೆ. ಡಿಸ್ಕ್ ಹೋದರೆ ಇನ್ನೊಂದು ಕೊಳ್ಳಬಹುದು. ಹನ್ನೊಂದು ಮನೆಯವರ ಮುಂದೆ ನಿಂತು ಧಾರೆಯ ಫೋಟೋ ಇಲ್ಲ ಅಂತ ಹೇಳುವುದು ಹೇಗೆ? ನಿಮ್ಮ ಎದೆಯಲ್ಲಿ ಕುಟ್ಟುತ್ತಿರುವುದು ಆ ಪ್ರಶ್ನೆ. ಅದಕ್ಕೇ ಸಮಾಧಾನದ ಮಾತನ್ನು ಮೊದಲು ಹೇಳುತ್ತೇನೆ. ನೀವು ಬರೆದಿದ್ದನ್ನು ನೋಡಿದರೆ, ಬಹುಪಾಲು ಫೋಟೋಗಳು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ನೀವು ಇದುವರೆಗೆ ಡಿಸ್ಕುಗಳ ಮೇಲೆ ದೊಡ್ಡದಾಗಿ ಏನನ್ನೂ ಬರೆಸಿಲ್ಲ. ಆ ಕ್ಯಾನ್ಸಲ್ ಒತ್ತಿದ್ದು ತುಂಬಾ ಒಳ್ಳೆಯದಾಯಿತು. ನನ್ನ ಟೇಬಲ್ಲಿಗೆ ಬರುವ ನಾಸ್‌ಗಳಲ್ಲಿ ಡೇಟಾ ಶಾಶ್ವತವಾಗಿ ಹೋಗಿರುವುದು ಹೆಚ್ಚಾಗಿ ಕೆಟ್ಟ ದಿನ ಅಲ್ಲ, ಅದರ ಮಾರನೇ ದಿನ ಮತ್ತು ಮೂರನೇ ದಿನ. ಗಾಬರಿಯಲ್ಲಿ ಒಂದು ಬಟನ್ ಒತ್ತಿದಾಗ.

ಒಳಗೆ ಏನಾಗಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಗೊತ್ತಾದರೆ ಗೆಳೆಯರ ಸಲಹೆಗಳಲ್ಲಿ ಯಾವುದು ಸರಿ, ಯಾವುದು ಅಪಾಯ ಅಂತ ನೀವೇ ಹೇಳಬಲ್ಲಿರಿ.

ರೇಡ್ 5 ಅಂದರೆ ಒಂದು ಕೂಡಿಸುವ ಲೆಕ್ಕ. ಮೂರು ಜಾಗದಲ್ಲಿ 4, 7, 2 ಅಂತ ಬರೆದು, ನಾಲ್ಕನೇ ಜಾಗದಲ್ಲಿ ಅವುಗಳ ಮೊತ್ತ 13 ಅಂತ ಬರೆದಿಟ್ಟಿದ್ದೀರಿ ಅನ್ನಿ. 7 ಅಳಿಸಿಹೋದರೆ 13ರಿಂದ 4 ಮತ್ತು 2 ಕಳೆದು ಮತ್ತೆ 7 ಪಡೆಯಬಹುದು. ಒಳಗಿನ ಲೆಕ್ಕ ಕೂಡುವುದಲ್ಲ, ಎಕ್ಸ್‌ಆರ್ ಎಂಬ ಬೇರೆ ರೀತಿಯದು, ಆದರೆ ತತ್ವ ಇದೇ. ಹಾಗಾಗಿ ನಾಲ್ಕರಲ್ಲಿ ಯಾವುದಾದರೂ ಒಂದು ಡಿಸ್ಕ್ ಹೋದರೂ ಎಲ್ಲವೂ ತೆರೆಯುತ್ತದೆ. ಎರಡು ಹೋದರೆ ಲೆಕ್ಕ ಬಿಡಿಸಲು ಆಗುವುದಿಲ್ಲ. ಯುಗಾದಿಯಿಂದ ಕಳೆದ ವಾರದವರೆಗೆ ನಿಮ್ಮ ನಾಸ್ ಈ ಕಳೆಯುವ ಲೆಕ್ಕ ಮಾಡಿ ಮಾಡಿಯೇ ನಿಮಗೆ ಫೋಟೋ ತೋರಿಸುತ್ತಿತ್ತು. ನಿಮಗೆ ಅದು ಗೊತ್ತಾಗಲಿಲ್ಲ, ಗೊತ್ತಾಗದ ಹಾಗೆ ಕೆಲಸ ನಡೆಸುವುದೇ ರೇಡ್‌ನ ಉದ್ದೇಶ. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ರೇಡ್ ಎಂಬ ಹೆಸರಿಟ್ಟು ಬರೆದ ಪ್ರಬಂಧದ ಚಿಂತೆಯೂ ಅದೇ ಆಗಿತ್ತು. ಅಗ್ಗದ ಡಿಸ್ಕುಗಳನ್ನು ಗುಂಪಾಗಿ ಬಳಸಿದರೆ ಯಾವುದಾದರೂ ಒಂದು ಕೆಡುತ್ತಲೇ ಇರುತ್ತದೆ, ಕೆಟ್ಟರೂ ಕೆಲಸ ನಿಲ್ಲಬಾರದು. ಬ್ಯಾಕಪ್ ಕೊಡುತ್ತೇವೆ ಅಂತ ಅವರು ಹೇಳಲಿಲ್ಲ. ನಮ್ಮಲ್ಲಿ ನಾಸ್ ಮಾರುವವರು ಮಾತ್ರ ಹಾಗೆ ಹೇಳಿಬಿಡುತ್ತಾರೆ, ಕೊಂಡವರು ನಂಬುತ್ತಾರೆ.

ಈಗ ನಿಮ್ಮ ಕೇಸಿನ ತಿರುಳಿಗೆ ಬರೋಣ. ಕಿತ್ತಳೆಯಾದ ಎರಡನೇ ಡಿಸ್ಕ್ ಮತ್ತು ಕೆಂಪಾದ ನಾಲ್ಕನೇ ಡಿಸ್ಕ್, ಎರಡೂ ಒಂದೇ ಥರದ ಕೆಟ್ಟ ಡಿಸ್ಕ್ ಅಲ್ಲ. ಎರಡನೆಯದು ಯುಗಾದಿಯಂದೇ ಗುಂಪಿನಿಂದ ಹೊರಬಿದ್ದಿದೆ. ಅದರಲ್ಲಿರುವುದು ಯುಗಾದಿಯವರೆಗಿನ ಲೆಕ್ಕ. ಆಮೇಲೆ ನೀವು ತೆಗೆದ ಒಂದು ಫೋಟೋದ ತುಂಡೂ ಅದರ ಮೇಲೆ ಬಿದ್ದಿಲ್ಲ. ನಾಲ್ಕನೆಯದು ಕಳೆದ ವಾರದವರೆಗೂ ಜೊತೆಗಿತ್ತು. ನಿಮ್ಮ ಹನ್ನೊಂದು ಮದುವೆಗಳು 1, 3, 4ನೇ ಡಿಸ್ಕುಗಳ ಮೇಲಿವೆ. ಅಂದರೆ ನೀವು ಕಾಪಾಡಿಕೊಳ್ಳಬೇಕಾದ ಮುಖ್ಯ ಡಿಸ್ಕ್ ಆ ಕೆಂಪು ದೀಪದ್ದು.

ಇನ್ನೊಂದು ವಿಷಯ. ಕೆಂಪು ದೀಪ ಬಂದ ಮಾತ್ರಕ್ಕೆ ಡಿಸ್ಕ್ ಸತ್ತಿದೆ ಅಂತಲ್ಲ. ಕರೆಂಟ್ ಹೋಗಿ ಬಂದು ಆಗುವಾಗ ಒಂದು ಡಿಸ್ಕ್ ಕೆಲವು ಸೆಕೆಂಡ್ ಉತ್ತರ ಕೊಡದಿದ್ದರೂ ನಾಸ್ ಅದನ್ನು ಹೊರಗೆ ಹಾಕಿಬಿಡುತ್ತದೆ. ನಾಲ್ಕಾರು ಸೆಕ್ಟರ್ (ಡಿಸ್ಕಿನ ಮೇಲಿನ ಚಿಕ್ಕ ಚಿಕ್ಕ ಜಾಗ) ಓದಲಾಗದಿದ್ದರೂ ಹಾಕುತ್ತದೆ. ಹಾಗೆ ಹೊರಬಿದ್ದ ಡಿಸ್ಕುಗಳು ಬೇರೆ ಕಂಪ್ಯೂಟರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಸಲೀಸಾಗಿ ಓದಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮದೂ ಹಾಗಿರಲಿ ಅಂತ ಆಸೆ.

ಹಳೆಯ ಡಿಸ್ಕ್, ಹೊಸ ಡಿಸ್ಕ್ ಅನ್ನುವ ಈ ವ್ಯತ್ಯಾಸ ತಿಳಿಯದೆ ಆಗುವ ಅನಾಹುತ ಎಂಥದ್ದು ಅಂತ ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ವಿಡಿಯೋ ಎಡಿಟರ್ ನಾಲ್ಕು ಡಿಸ್ಕುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅವರ ಕಥೆಯೂ ನಿಮ್ಮದರ ಹಾಗೆಯೇ ಇತ್ತು. ಪರಿಚಯದವರೊಬ್ಬರು ಇಂಟರ್ನೆಟ್ಟಿನಲ್ಲಿ ಕಮಾಂಡ್ ಹುಡುಕಿ, ಮೊದಲು ಹೊರಬಿದ್ದಿದ್ದ ಹಳೆಯ ಡಿಸ್ಕನ್ನು ಒತ್ತಾಯದಿಂದ ಗುಂಪಿಗೆ ಸೇರಿಸಿ, ಕೊನೆಗೆ ಬಿದ್ದ ಡಿಸ್ಕಿನ ಮೇಲೆ ರಿಬಿಲ್ಡ್, ಅಂದರೆ ಉಳಿದ ಡಿಸ್ಕುಗಳಿಂದ ಲೆಕ್ಕ ಹಾಕಿ ಮತ್ತೆ ಬರೆಯುವ ಕೆಲಸ, ಓಡಿಸಿದ್ದರು. ನಾಸ್‌ನ ದೀಪಗಳೆಲ್ಲ ಹಸಿರಾದವು. ಫೋಲ್ಡರ್ ಹೆಸರುಗಳೂ ಕಾಣಿಸಿದವು. ಅವರು ಒಂದು ಫೋಟೋ ತೆರೆದು ನನಗೆ ತೋರಿಸಿದರು. ಮೇಲ್ಗಡೆ ಮದುಮಗಳ ಬಾಸಿಂಗ ಮತ್ತು ಹಣೆ. ಅದರ ಕೆಳಗೆ ಬಣ್ಣ ಕೆಟ್ಟ ಬೇರೆ ಯಾರದೋ ಮನೆಯ ಚಪ್ಪರ. ಅಲ್ಲಿಂದ ಕೆಳಗೆ ಪೂರ್ತಿ ಬೂದು. ಹಳೆಯ ಲೆಕ್ಕ ಮತ್ತು ಹೊಸ ಲೆಕ್ಕ ಕಲಸಿ ಹೋಗಿತ್ತು. ಸರಿಯಾದ ಲೆಕ್ಕ ಇದ್ದ ಒಂದೇ ಡಿಸ್ಕಿನ ಮೇಲೆ ತಪ್ಪು ಲೆಕ್ಕ ಬರೆದಾಗಿತ್ತು. ಹಳೆಯ ಕೆಲಸಗಳು ಸಿಕ್ಕವು. ಆ ಸೀಸನ್ನಿನದು ಸಿಗಲಿಲ್ಲ. ಅವತ್ತು ಅವರ ಮುಖ ನೋಡಲಾಗಲಿಲ್ಲ.

ಹಾಗಾದರೆ ಎರಡನೇ ಡಿಸ್ಕ್ ಬೇಡವೇ? ಬೇಕು! ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ನಾಲ್ಕನೇ ಡಿಸ್ಕಿನಲ್ಲಿ ಕೆಲವು ಜಾಗ ಓದಲಾಗಲಿಲ್ಲ ಅನ್ನಿ. ಆ ಜಾಗದಲ್ಲಿದ್ದದ್ದು ಎರಡು ವರ್ಷದ ಹಿಂದಿನ ಮದುವೆ, ಯುಗಾದಿಯ ನಂತರ ಅದನ್ನು ಯಾರೂ ಮುಟ್ಟಿಲ್ಲ ಅಂತಾದರೆ, ಆ ಭಾಗಕ್ಕೆ ಎರಡನೇ ಡಿಸ್ಕಿನ ಹಳೆಯ ಲೆಕ್ಕ ಇವತ್ತಿಗೂ ಸರಿಯಾಗಿಯೇ ಇದೆ. ಅನುಭವ ಇರುವವರು ಆ ತೂತುಗಳನ್ನು ಅದರಿಂದ ತುಂಬುತ್ತಾರೆ. ಆದ್ದರಿಂದ ವಾರಂಟಿಗೆ ಕಳಿಸಬೇಡಿ. ಕಳಿಸಿದರೆ ಬದಲಿ ಡಿಸ್ಕ್ ಬರುತ್ತದೆ, ನಿಮ್ಮದು ವಾಪಸ್ ಬರುವುದಿಲ್ಲ. ಫೋಟೋಗಳೆಲ್ಲ ಕೈಗೆ ಸಿಕ್ಕ ಮೇಲೆ ವಾರಂಟಿ ಕೇಳಿದರಾಯಿತು.

ಇನ್ನು ಗೆಳೆಯರ ಸಲಹೆಗಳು.

ಹೊಸ ಡಿಸ್ಕ್ ಹಾಕಿ ರಿಪೇರಿ ಒತ್ತುವುದು ಯುಗಾದಿಯಂದು ಸರಿಯಾದ ಸಲಹೆ ಆಗಿತ್ತು. ಇವತ್ತು ಅಲ್ಲ. ಈಗ ನಾಸ್‌ಗೆ ಎರಡು ಡಿಸ್ಕ್ ಕಾಣುತ್ತಿಲ್ಲ. ಖಾಲಿ ಡಿಸ್ಕ್ ಹಾಕಿದರೆ ಅದು ಹೊಸ ವಾಲ್ಯೂಮ್ ಮಾಡಲೇ ಅಂತ ಕೇಳಬಹುದು. ಹೂಂ ಅಂದರೆ ಕಥೆ ಮುಗಿಯಿತು. ಒಂದು ವೇಳೆ ನಾಲ್ಕನೇ ಡಿಸ್ಕ್ ಮತ್ತೆ ಕಾಣಿಸಿಕೊಂಡು ರಿಬಿಲ್ಡ್ ಶುರುವಾಯಿತು ಅಂತಲೇ ಇಟ್ಟುಕೊಳ್ಳಿ. ಆಗ 1, 3, 4ನೇ ಡಿಸ್ಕುಗಳನ್ನು ಪೂರ್ತಿ, ಅಂದರೆ 12 ಟಿಬಿ ಓದಬೇಕು. ಸಾಧಾರಣ ಡಿಸ್ಕುಗಳ ವಿವರಪಟ್ಟಿಯಲ್ಲಿ ಕಂಪನಿಗಳು ಬರೆಯುವುದು 10ರ ಘಾತ 14 ಬಿಟ್ ಓದುವಾಗ ಹೆಚ್ಚೆಂದರೆ ಒಂದು ಓದಲಾಗದ ತಪ್ಪು ಅಂತ. ಅದು ಲೆಕ್ಕಕ್ಕೆ 12.5 ಟಿಬಿ. ನಿಜದಲ್ಲಿ ಒಳ್ಳೆಯ ಡಿಸ್ಕುಗಳು ಇದಕ್ಕಿಂತ ಚೆನ್ನಾಗಿ ಓದುತ್ತವೆ. ಆದರೆ ನಿಮ್ಮ ನಾಲ್ಕನೆಯದು ಈಗಾಗಲೇ ಒಮ್ಮೆ ಮುಗ್ಗರಿಸಿದೆ. ಅದನ್ನು ಗಂಟೆಗಟ್ಟಲೆ ದುಡಿಸುವುದಾದರೆ ಆ ಶ್ರಮ ಒಂದು ಪ್ರತಿ ತೆಗೆಯಲು ಹೋಗಲಿ, ರಿಬಿಲ್ಡ್‌ಗೆ ಬೇಡ.

ಫ್ರಿಜ್ಜಿನ ಮಾತು ಬಹಳ ಹಳೆಯದು. ತುಂಬಾ ಹಿಂದಿನ ಕೆಲವು ಡಿಸ್ಕುಗಳಲ್ಲಿ ಓದುವ ಬರೆಯುವ ಹೆಡ್ ಡೇಟಾ ಇರುವ ತಟ್ಟೆಗೆ ಅಂಟಿಕೊಂಡಾಗ ತಣ್ಣಗಾಗಿ ಕುಗ್ಗಿ ಬಿಟ್ಟುಕೊಂಡದ್ದುಂಟು. ಈಗಿನ ಡಿಸ್ಕಿನಲ್ಲಿ ಹೆಡ್ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಮೈ ಮೇಲೆ ಹನಿ ಕೂರುತ್ತದಲ್ವಾ? ಮಲೆನಾಡಿನ ಮಳೆಗಾಲದ ತೇವದಲ್ಲಂತೂ ಕ್ಷಣದಲ್ಲಿ ಕೂರುತ್ತದೆ. ಅಂಥ ಒಂದು ಹನಿ ಒಳಗಿನ ತಟ್ಟೆಯ ಮೇಲೆ ಕೂತರೆ ಆ ಡಿಸ್ಕ್ ಮತ್ತೆ ಏಳುವುದಿಲ್ಲ. ಡಿಸ್ಕಿನ ಮುಚ್ಚಳ ಬಿಚ್ಚಿ ನೋಡುವುದೂ ಇದೇ ಕಾರಣಕ್ಕೆ ಬೇಡ. ಕಣ್ಣಿಗೆ ಕಾಣದ ಧೂಳು ಹೆಡ್‌ಗೆ ಬಂಡೆ ಇದ್ದ ಹಾಗೆ.

ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಬದಲಿಸುವುದರಲ್ಲಿ ಅರ್ಧ ಸತ್ಯ ಇದೆ. ಸಿಡಿಲಿಗೆ ಬೋರ್ಡ್ ಸುಡಬಹುದು, ಬದಲಿಸಿದರೆ ಡಿಸ್ಕ್ ಎದ್ದೇಳಲೂಬಹುದು. ಆದರೆ ಈಗಿನ ಬೋರ್ಡ್ ಮೇಲಿನ ಒಂದು ಸಣ್ಣ ಚಿಪ್‌ನಲ್ಲಿ ಆ ಡಿಸ್ಕಿನ ಹೆಡ್‌ಗಳಿಗೆ ಮಾತ್ರ ಹೊಂದುವ ಅಳತೆಗಳಿರುತ್ತವೆ. ಮಾಡೆಲ್ ಒಂದೇ ಆದರೂ ಅಳತೆ ಬೇರೆ. ಆ ಚಿಪ್ ಕಿತ್ತು ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು. ಅದು ಡೇಟಾ ರಿಕವರಿ ಲ್ಯಾಬಿನ ಕೆಲಸ. ನಿಮ್ಮ ಡಿಸ್ಕ್ ತಿರುಗುತ್ತಿದ್ದರೆ ಬೋರ್ಡಿನ ಸಹವಾಸವೇ ಬೇಡ.

ಉಚಿತ ಸಾಫ್ಟ್‌ವೇರ್ ಅನ್ನು ಒಂದೇ ಡಿಸ್ಕಿನ ಮೇಲೆ ಓಡಿಸಿದರೆ ಏನು ಸಿಗುತ್ತದೆ ಅಂತ ಹೇಳುತ್ತೇನೆ. ರೇಡ್ 5 ನಿಮ್ಮ ಫೈಲನ್ನು ತುಂಡು ಮಾಡಿ ಡಿಸ್ಕಿನಿಂದ ಡಿಸ್ಕಿಗೆ ಹಂಚುತ್ತದೆ. ಕೆಲವು ನಾಸ್‌ಗಳಲ್ಲಿ ಒಂದು ತುಂಡು 64 ಕೆಬಿ, ಕೆಲವಲ್ಲಿ ಅದಕ್ಕಿಂತ ಜಾಸ್ತಿ. 64 ಅಂತ ಹಿಡಿದರೆ ನಿಮ್ಮ ಕ್ಯಾಮೆರಾದ 25 ಎಂಬಿಯ ಒಂದು ರಾ ಫೈಲ್ 400 ತುಂಡಾಗಿರುತ್ತದೆ. ಒಂದೇ ಡಿಸ್ಕಿನಲ್ಲಿ ಅದರಲ್ಲಿ ಸುಮಾರು 100 ತುಂಡು ಇರಬಹುದು, ಅದೂ ಬಿಡಿಬಿಡಿಯಾಗಿ. ಸಾಫ್ಟ್‌ವೇರ್ ನಿಮಗೆ ಅಂಗುಷ್ಠದಷ್ಟು ಚಿಕ್ಕ ಚಿತ್ರಗಳನ್ನು ತೋರಿಸುತ್ತದೆ, ದೊಡ್ಡವು ತೆರೆಯುವುದಿಲ್ಲ. ಅದನ್ನು ನೋಡಿ ಎಲ್ಲ ಹೋಯಿತು ಅಂತ ಕೈಚೆಲ್ಲಿದವರಿದ್ದಾರೆ. ಹೋಗಿರುವುದಿಲ್ಲ, ಕೂಡಿಸಿ ಓದಿಲ್ಲ ಅಷ್ಟೇ. ವಿಂಡೋಸ್ ಫಾರ್ಮ್ಯಾಟ್ ಕೇಳಿದ್ದಕ್ಕೂ ಹೆದರಬೇಡಿ. ನಾಸ್‌ನ ಒಳಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ಅದರ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಬರವಣಿಗೆ ವಿಂಡೋಸ್‌ಗೆ ಓದಲು ಬಾರದು. ಬಾರದ ಲಿಪಿಯನ್ನು ಖಾಲಿ ಹಾಳೆ ಅಂದುಕೊಂಡು ಕೇಳುತ್ತದೆ.

ಈಗ ನೀವು ಮಾಡಬೇಕಾದ್ದು. ಆಫ್ ಆದ ಮೇಲೆ ಒಂದೊಂದೇ ಡಿಸ್ಕ್ ತೆಗೆದು, ನಾಸ್‌ನ ಯಾವ ಖಾನೆಯಲ್ಲಿತ್ತು ಅನ್ನುವ ನಂಬರನ್ನು ಮಾಸ್ಕಿಂಗ್ ಟೇಪ್ ಮೇಲೆ ಬರೆದು ಅಂಟಿಸಿ. ನಂಬರ್ ಮತ್ತು ಸೀರಿಯಲ್ ನಂಬರ್ ಎರಡೂ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಡಿಸ್ಕಿನೊಳಗೇ ಅದರ ಸ್ಥಾನದ ಗುರುತು ಇರುತ್ತದೆ, ಹಾಗಾಗಿ ಕಲಸಿಹೋದರೂ ಕಂಡುಹಿಡಿಯಬಹುದು. ಆ ಗುರುತೇ ಅಳಿಸಿದ್ದರೆ ನಿಮ್ಮ ಟೇಪ್ ಒಂದೇ ಆಧಾರ. ಫೋಲ್ಡರ್‌ಗಳಿಗೆ ಎನ್‌ಕ್ರಿಪ್ಷನ್ ಹಾಕಿದ್ದರೆ ಅದರ ಕೀ ಅಥವಾ ಪಾಸ್‌ವರ್ಡ್ ಹುಡುಕಿಡಿ, ಅದಿಲ್ಲದೆ ಯಾವ ಲ್ಯಾಬೂ ಏನೂ ಮಾಡಲಾರದು. ಪೆಟ್ಟಿಗೆಯಲ್ಲಿ ಕ್ಯಾಶ್‌ಗೆ (ಫೈಲುಗಳನ್ನು ತಾತ್ಕಾಲಿಕವಾಗಿ ಇಡಲು) ಅಂತ ಎಸ್‌ಎಸ್‌ಡಿ ಇದ್ದರೆ ಅದನ್ನೂ ಜೋಪಾನವಾಗಿಡಿ. ಕೊನೆಯ ಕೆಲವು ಫೈಲುಗಳು ಅದರಲ್ಲೇ ಉಳಿದಿರಬಹುದು.

ಮುಂದಿನ ದಾರಿ ಕಿವಿಯಿಂದ ಶುರುವಾಗುತ್ತದೆ. ನಾಲ್ಕನೇ ಡಿಸ್ಕನ್ನು ಒಂದೇ ಒಂದು ಸಲ ಕಂಪ್ಯೂಟರಿನ ಪವರ್ ವೈರಿಗೆ ಮಾತ್ರ ಜೋಡಿಸಿ, ಡೇಟಾ ಕೇಬಲ್ ಹಾಕದೆ, ಹತ್ತು ಸೆಕೆಂಡ್ ಕೇಳಿ. ಸಣ್ಣಗೆ ಗುಂಯ್ ಎಂದು ಏರಿ ಸಮನಾಗಿ ನಿಂತರೆ ಒಳ್ಳೆಯ ಲಕ್ಷಣ. ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದರೆ ಹೆಡ್ ಹೋಗಿದೆ. ತಿರುಗದೆ ಕೀಂ ಅಂದರೆ ಹೆಡ್ ಅಂಟಿದೆ ಅಥವಾ ಮೋಟಾರ್ ಸಿಕ್ಕಿದೆ. ಕರಕರ ಎಂದು ಉಜ್ಜುವ ಸದ್ದು ಬಂದರೆ ತಕ್ಷಣ ವೈರ್ ಕಿತ್ತುಬಿಡಿ, ಒಂದೊಂದು ಸುತ್ತಿಗೂ ತಟ್ಟೆಯ ಮೇಲ್ಪದರ ಕೆರೆದು ಹೋಗುತ್ತಿರುತ್ತದೆ. ಈ ಕೊನೆಯ ಮೂರರಲ್ಲಿ ಯಾವುದೇ ಆದರೂ ಮನೆಯಲ್ಲಿ ಮುಂದೆ ಹೋಗಬೇಡಿ. ನೇರ ಲ್ಯಾಬ್.

ಸದ್ದು ಸರಿಯಿದ್ದು, ಹತ್ತಿರದಲ್ಲಿ ಲಿನಕ್ಸ್ ಬಲ್ಲ ನಿಧಾನಸ್ಥರು ಒಬ್ಬರಿದ್ದರೆ ಮನೆಯಲ್ಲೇ ಪ್ರಯತ್ನಿಸಬಹುದು. ಅದಕ್ಕೆ ಒಂದು ಷರತ್ತು. ನಾಲ್ಕೂ ಮೂಲ ಡಿಸ್ಕುಗಳ ಪ್ರತಿ ತೆಗೆಯುವವರೆಗೆ ಬೇರೆ ಯಾವ ಕೆಲಸವೂ ಇಲ್ಲ. ಮೂಲ ಡಿಸ್ಕನ್ನು ಓದುವುದು ಮಾತ್ರ, ಬರೆಯುವುದು ಎಂದೂ ಇಲ್ಲ. ಇದಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ಲಿನಕ್ಸ್ ಪ್ರೋಗ್ರಾಂ ಇದೆ. ಸುಮ್ನೆ ಕಾಪಿ ಮಾಡುವ ಪ್ರೋಗ್ರಾಂಗಳು ಕೆಟ್ಟ ಜಾಗ ಸಿಕ್ಕಲ್ಲೇ ಜಗ್ಗಾಡಿ ಡಿಸ್ಕನ್ನು ಇನ್ನಷ್ಟು ಹಾಳು ಮಾಡುತ್ತವೆ. ಇದು ಮೊದಲು ಸಲೀಸಾಗಿ ಓದುವ ಭಾಗವನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಜಾಗವನ್ನು ಹಾರಿಸಿ ಗುರುತು ಮಾಡಿಟ್ಟುಕೊಂಡು ಕೊನೆಗೆ ಅಲ್ಲಿಗೆ ಮರಳುತ್ತದೆ. ಕರೆಂಟ್ ಹೋಗಿ ನಿಂತರೂ ಆ ಗುರುತಿನ ಫೈಲ್ ಇದ್ದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಗುರುತಿನ ಫೈಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿಡಿ.

ಇಲ್ಲಿ ಜನ ಮಾಡುವ ಅತಿ ದೊಡ್ಡ ತಪ್ಪು ಎಂದರೆ ಮೂಲವನ್ನೂ ಪ್ರತಿಯನ್ನೂ ಅದಲುಬದಲು ಮಾಡುವುದು. ಖಾಲಿ ಡಿಸ್ಕಿನ ಸೊನ್ನೆಗಳು ಮದುವೆ ಫೋಟೋಗಳ ಮೇಲೆ ಬಿದ್ದರೆ ಆ ಜಾಗಕ್ಕೆ ಯಾವ ಔಷಧವೂ ಇಲ್ಲ. ಎಂಟರ್ ಒತ್ತುವ ಮುಂಚೆ ಪರದೆಯ ಮೇಲಿನ ಸೀರಿಯಲ್ ನಂಬರನ್ನು ಟೇಪಿನ ಫೋಟೋ ಜೊತೆ ಇಬ್ಬರು ಕೂತು, ಜೋರಾಗಿ ಓದಿ ತಾಳೆ ನೋಡಿ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ. ಸ್ಟುಡಿಯೋದ ವಿಂಡೋಸ್ ಡಿಸ್ಕನ್ನು ಆ ಕಂಪ್ಯೂಟರಿನಿಂದ ಬಿಚ್ಚಿಟ್ಟು, ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ. ಡಿಸ್ಕುಗಳನ್ನು ಯುಎಸ್‌ಬಿ ಡಾಕ್‌ಗಿಂತ ಮದರ್‌ಬೋರ್ಡಿನ ಸಾಟಾ ಪೋರ್ಟಿಗೇ ಹಾಕಿ. ಕೆಟ್ಟ ಸೆಕ್ಟರ್ ಸಿಕ್ಕಾಗ ಡಾಕ್‌ಗಳು ಸಂಪರ್ಕವನ್ನೇ ಕಡಿದುಬಿಡುತ್ತವೆ.

ಪ್ರತಿ ತೆಗೆಯುವ ಮುಂಚೆ ಸ್ಮಾರ್ಟ್ ವರದಿಯಲ್ಲಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕದಲ್ಲಿ, ನಾಲ್ಕು ಸಾಲು ನೋಡಿ. 5ನೆಯದು ಡಿಸ್ಕ್ ಬದಲಿಸಿಕೊಂಡ ಸೆಕ್ಟರ್, 197 ಓದಲಾಗದೆ ಕಾಯುತ್ತಿರುವವು, 198 ತನ್ನ ಪರೀಕ್ಷೆಯಲ್ಲೂ ಸೋತವು. 199 ಮಾತ್ರ ಏರಿದ್ದರೆ ದೋಷ ಬಹುಶಃ ಕೇಬಲ್ಲಿನದೋ ಖಾನೆಯ ಕನೆಕ್ಟರ್‌ನದೋ, ಡಿಸ್ಕಿನದಲ್ಲ. 197 ನೂರಾರು ಇದ್ದು ಓದುತ್ತಿರುವಾಗಲೇ ಏರುತ್ತಾ ಹೋದರೆ ನಿಲ್ಲಿಸಿ ಲ್ಯಾಬಿಗೆ ಕೊಡಿ. ಒಳ್ಳೆಯ 4 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿಯಂತೆ ಓದಿದರೆ ಏಳೂವರೆ ಗಂಟೆಯ ಕೆಲಸ. ಬಳಲಿದ ಡಿಸ್ಕಿಗೆ ಎರಡು ಮೂರು ದಿನವೂ ಹಿಡಿಯಬಹುದು. ಕಂಪ್ಯೂಟರಿಗೆ ಯುಪಿಎಸ್ ಇರಲಿ, ಗುಡುಗಿನ ಸಂಜೆ ಈ ಕೆಲಸ ಬೇಡ.

ಪ್ರತಿಗೆ ಎಷ್ಟು ಜಾಗ ಬೇಕು? ನಾಲ್ಕು ಡಿಸ್ಕಿಗೆ 16 ಟಿಬಿ. 20 ಟಿಬಿಯ ಒಂದೇ ದೊಡ್ಡ ಡಿಸ್ಕ್ ತಂದು ನಾಲ್ಕನ್ನೂ ಇಮೇಜ್ ಫೈಲಾಗಿ (ಇಡೀ ಡಿಸ್ಕಿನ ನಕಲು ಒಂದೊಂದು ಫೈಲಿನಲ್ಲಿ) ಇಡಬಹುದು. ಸಿಕ್ಕ ಫೋಟೋಗಳನ್ನು ಇಳಿಸಲು 10 ಟಿಬಿಯ ಇನ್ನೊಂದು. ಖರ್ಚು ಹೌದು. ಆದರೆ ಕೆಲಸ ಮುಗಿದ ಮೇಲೆ ಅವೇ ನಿಮ್ಮ ಬ್ಯಾಕಪ್ ಡಿಸ್ಕುಗಳಾಗುತ್ತವೆ, ದುಡ್ಡು ಎಲ್ಲೂ ಹೋಗುವುದಿಲ್ಲ.

ಪ್ರತಿಗಳು ಸಿದ್ಧವಾದ ಮೇಲೆ ಮೂಲ ಡಿಸ್ಕುಗಳನ್ನು ಬೀರುವಿನಲ್ಲಿಡಿ. ಪ್ರತಿಗಳ ಮೇಲೆ ಆರ್-ಸ್ಟುಡಿಯೋ, ಯುಎಫ್‌ಎಸ್ ಎಕ್ಸ್‌ಪ್ಲೋರರ್, ರಿಕ್ಲೇಮಿ ಇಂಥ ಸಾಫ್ಟ್‌ವೇರ್‌ಗಳಲ್ಲಿ ಒಂದನ್ನು ಓಡಿಸಿ. ಇವು ನಾಸ್‌ನ ರೇಡ್ ಗುರುತುಗಳನ್ನು ಓದಿ ತಾವೇ ಕೂಡಿಸಿಕೊಳ್ಳುತ್ತವೆ. ದುಡ್ಡು ಕೊಡುವ ಮೊದಲೇ ಸ್ಕ್ಯಾನ್ ಮಾಡಿ ಪಟ್ಟಿ ನೋಡಬಹುದು. ಎರಡನೇ ಡಿಸ್ಕಿನ ಪ್ರತಿಯನ್ನು ಸೇರಿಸದೆ 1, 3, 4ರಿಂದ ಮಾತ್ರ ಕೂಡಿಸಿ. ಅನುಮಾನ ಬಂದರೆ ಪ್ರತಿಗಳೊಳಗಿನ ರೇಡ್ ಗುರುತಿನಲ್ಲಿ ಕೊನೆಯ ತಾರೀಖು ಮತ್ತು ಈವೆಂಟ್ ಕೌಂಟ್ (ಗುಂಪಿನಲ್ಲಾದ ಬದಲಾವಣೆಗಳ ಎಣಿಕೆ) ನೋಡಿ. ಎರಡನೆಯದು ಯುಗಾದಿಯಲ್ಲೇ ನಿಂತಿರುತ್ತದೆ, ಉಳಿದವು ಕಳೆದ ವಾರಕ್ಕೆ ಬಂದಿರುತ್ತವೆ. ಫೋಲ್ಡರ್ ಹೆಸರು ಕಂಡಿತು ಅಂತ ಕುಣಿಯಬೇಡಿ. ಇತ್ತೀಚಿನ ಮದುವೆಯ ಒಂದು ದೊಡ್ಡ ರಾ ಫೈಲ್ ಮತ್ತು ಒಂದು ವಿಡಿಯೋವನ್ನು ಮೊದಲಿನಿಂದ ಕೊನೆಯವರೆಗೆ ತೆರೆದು ನೋಡಿ. ಅದು ಸರಿಯಿದ್ದರೆ ಜೋಡಣೆ ಸರಿಯಿದೆ.

ಲ್ಯಾಬಿನ ದಾರಿ ಹಿಡಿದರೆ ಫೋನಿನಲ್ಲೇ ಇಷ್ಟು ಕೇಳಿ. ಮೊದಲು ಕ್ಲೋನ್ ಮಾಡಿ ಅದರ ಮೇಲೆ ಕೆಲಸ ಮಾಡುತ್ತೀರಾ? ಹೆಡ್ ಬದಲಿಸಬೇಕಾದರೆ ನಿಮ್ಮಲ್ಲೇ ಕ್ಲೀನ್ ಬೆಂಚ್ (ಧೂಳಿಲ್ಲದ ಗಾಳಿಯ ಮೇಜು) ಇದೆಯೇ, ಬೇರೆ ಕಡೆ ಕಳಿಸುತ್ತೀರಾ? ಹಣ ಕಟ್ಟುವ ಮೊದಲು ಫೈಲುಗಳ ಪಟ್ಟಿ ತೋರಿಸುತ್ತೀರಾ? ಸಿಗದಿದ್ದರೆ ಎಷ್ಟು ಕೊಡಬೇಕು? ಡಿಸ್ಕ್ ನೋಡದೆಯೇ ನೂರಕ್ಕೆ ನೂರು ಗ್ಯಾರಂಟಿ ಅನ್ನುವವರಿಗೆ ಕೊಡಬೇಡಿ. ಖರ್ಚು ಡಿಸ್ಕಿನ ಸ್ಥಿತಿಯ ಮೇಲೆ. ಸುಮ್ನೆ ಓದುವ ಡಿಸ್ಕುಗಳಾದರೆ ಸಾವಿರಗಳ ಲೆಕ್ಕ, ಹೆಡ್ ಬದಲಿಸುವ ನಾಲ್ಕು ಡಿಸ್ಕಿನ ರೇಡ್ ಆದರೆ ಲಕ್ಷ ದಾಟಲೂಬಹುದು. ನಾಲ್ಕೂ ಡಿಸ್ಕ್ ಕೊಡಿ, ಕೆಟ್ಟದ್ದು ಅಂತ ಎರಡನೆಯದನ್ನು ಮನೆಯಲ್ಲಿ ಬಿಡಬೇಡಿ. ಯಾವುದು ಯಾವಾಗ ಬಿತ್ತು, ನೀವು ಏನೇನು ಮಾಡಿದಿರಿ ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಡಿ. ಬೀಪ್ ಆಫ್ ಮಾಡಿದ್ದನ್ನೂ ಬರೆಯಿರಿ, ಸಂಕೋಚ ಬೇಡ. ಆ ಒಂದು ಸಾಲು ನಮಗೆ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುವುದಾದರೆ ಒಂದೊಂದು ಡಿಸ್ಕನ್ನೂ ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಬಬಲ್ ಹಾಳೆ ದಪ್ಪಕ್ಕೆ ಸುತ್ತಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಳ್ಳಿ. ಡಿಕ್ಕಿಗೆ ಬೇಡ. ನಾಸ್ ಪೆಟ್ಟಿಗೆಯೊಳಗೇ ಇಟ್ಟು ಪಾರ್ಸಲ್ ಮಾಡುವುದಂತೂ ಬೇಡವೇ ಬೇಡ.

ಡಿಸ್ಕುಗಳ ಕೆಲಸ ನಡೆಯುವಾಗ ಇನ್ನೊಂದು ಕಡೆಯಿಂದಲೂ ಹುಡುಕಿ. ಫೋಟೋಗ್ರಾಫರುಗಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ಇವತ್ತಿನಿಂದಲೇ ಬಳಸುವುದು ನಿಲ್ಲಿಸಿ. ಕಾರ್ಡ್ ಫಾರ್ಮ್ಯಾಟ್ ಮಾಡಿದ್ದರೂ ಅದರ ಮೇಲೆ ಮತ್ತೆ ಶೂಟ್ ಮಾಡದಿದ್ದರೆ ಕೊನೆಯ ಒಂದೆರಡು ಮದುವೆ ಅಲ್ಲೇ ಸಿಗಬಹುದು. ಎರಡನೇ ಕ್ಯಾಮೆರಾದವರನ್ನು, ಡ್ರೋನ್ ಹುಡುಗನನ್ನು ಕೇಳಿ, ಅವರ ಲ್ಯಾಪ್‌ಟಾಪಿನಲ್ಲಿ ಪ್ರತಿ ಉಳಿದಿರುತ್ತದೆ. ಆಲ್ಬಮ್ ಪ್ರಿಂಟ್ ಮಾಡುವ ಲ್ಯಾಬಿನಲ್ಲಿ ಹಿಂದಿನ ಆಲ್ಬಮ್‌ಗಳ ಪುಟದ ಫೈಲುಗಳಿರಬಹುದು. ಎಡಿಟಿಂಗ್ ಕಂಪ್ಯೂಟರಿನಲ್ಲಿ ಲೈಟ್‌ರೂಮ್ ಸಾಫ್ಟ್‌ವೇರ್‌ನ ಸ್ಮಾರ್ಟ್ ಪ್ರಿವ್ಯೂ (ಫೋಟೋದ ಚಿಕ್ಕ ಪ್ರತಿ) ಮಾಡಿಟ್ಟಿದ್ದರೆ ಅವುಗಳ ಉದ್ದನೆಯ ಬದಿ 2560 ಪಿಕ್ಸೆಲ್ ಇರುತ್ತದೆ. ಸಣ್ಣ ಪ್ರಿಂಟಿಗೆ ಧಾರಾಳ ಸಾಕು. ಫೋಟೋ ಆಯ್ಕೆಗೆ ಅಂತ ಮನೆಯವರಿಗೆ ಪೆನ್‌ಡ್ರೈವ್ ಕೊಟ್ಟಿದ್ದರೆ ಅದೂ ಒಂದು ಪ್ರತಿ. ಹೀಗೆ ಹುಡುಕಿ ಹನ್ನೊಂದರಲ್ಲಿ ನಾಲ್ಕು ಸಿಕ್ಕರೂ ಲ್ಯಾಬಿನ ಖರ್ಚಿನ ನಿರ್ಧಾರವೇ ಬದಲಾಗುತ್ತದೆ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ನಾಸ್ ಆನ್ ಆಗಲೇ ಇಲ್ಲ ಅಂದರೆ ಡಿಸ್ಕ್ ಹೋಗಿದೆ ಅಂದುಕೊಳ್ಳಬೇಡಿ. ಅಡಾಪ್ಟರ್ ಸುಟ್ಟಿರಬಹುದು, ಪೆಟ್ಟಿಗೆಯ ಬೋರ್ಡ್ ಕೆಟ್ಟಿರಬಹುದು. 2017ರಲ್ಲಿ ಇಂಟೆಲ್‌ನ ಆಟಮ್ ಸಿ2000 ಚಿಪ್‌ಗಳಲ್ಲಿ ಗಡಿಯಾರ ಸಂಕೇತದ ದೋಷ ಹೊರಬಿತ್ತು. ಅದನ್ನು ಬಳಸಿದ ಕೆಲವು ನಾಸ್‌ಗಳು ಕೆಲವು ವರ್ಷ ಓಡಿ ಒಂದು ದಿನ ಆನ್ ಆಗುವುದನ್ನೇ ನಿಲ್ಲಿಸುತ್ತಿದ್ದವು. ಒಳಗಿನ ಡಿಸ್ಕುಗಳಿಗೆ ಏನೂ ಆಗಿರುತ್ತಿರಲಿಲ್ಲ.

ಮುಂದಿನ ವ್ಯವಸ್ಥೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಈಗ ನಿಮಗೆ ಅದರ ಹೊತ್ತಲ್ಲ. ನಾಸ್‌ನ ಎಚ್ಚರಿಕೆ ನಿಮ್ಮ ಮೊಬೈಲಿಗೇ ಬರಲಿ. ಯುಪಿಎಸ್‌ನಿಂದ ನಾಸ್‌ಗೆ ಯುಎಸ್‌ಬಿ ಕೇಬಲ್ ಹಾಕಿದರೆ ಬ್ಯಾಟರಿ ಇಳಿದಾಗ ಅದು ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಅರ್ಥಿಂಗ್ ಪರೀಕ್ಷೆ ಮಾಡಿಸಿ. ಸಿಡಿಲು ಲ್ಯಾನ್ ವೈರಿನಿಂದಲೂ ಬರುತ್ತದೆ, ಗುಡುಗಿದಾಗ ಅದನ್ನೂ ಕೀಳಿ. ಮತ್ತು ವಾರಕ್ಕೊಮ್ಮೆ ಜೋಡಿಸಿ ಕಾಪಿ ಮಾಡಿ ಬಿಚ್ಚಿಡುವ ಒಂದು ಯುಎಸ್‌ಬಿ ಡಿಸ್ಕ್ ಸ್ಟುಡಿಯೋದಲ್ಲಿ ಅಲ್ಲ, ಮನೆಯಲ್ಲಿರಲಿ. ಬಿಚ್ಚಿಡುವುದು ಯಾಕೆ ಅಂದರೆ, 2021ರ ಜೂನ್‌ನಲ್ಲಿ ಇಂಟರ್ನೆಟ್ಟಿಗೆ ಜೋಡಿಸಿದ್ದ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನು ಯಾರೋ ದೂರದಿಂದಲೇ ರೀಸೆಟ್ ಮಾಡಿ ಖಾಲಿ ಮಾಡಿದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಕ್ಯೂನ್ಯಾಪ್ ನಾಸ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ವೈರ್ ಕಿತ್ತಿಟ್ಟ ಡಿಸ್ಕನ್ನು ಯಾರೂ ಮುಟ್ಟಲಾರರು.

ಸದ್ಯಕ್ಕೆ ಡಿಸ್ಕುಗಳಿಗೆ ಟೇಪ್ ಅಂಟಿಸಿ ಫೋಟೋ ತೆಗೆದ ಮೇಲೆ ನನಗೆ ಮೂರು ವಿಷಯ ಬರೆದು ಕಳಿಸಿ. ನಾಲ್ಕನೇ ಡಿಸ್ಕ್ ಹತ್ತು ಸೆಕೆಂಡಿನಲ್ಲಿ ಯಾವ ಸದ್ದು ಮಾಡಿತು, ನಾಸ್ ಯಾವ ಮಾಡೆಲ್ಲು, ಯುಗಾದಿಯ ನಂತರ ಹಳೆಯ ಆಲ್ಬಮ್‌ಗಳನ್ನು ತೆರೆದು ಬದಲಾವಣೆ ಮಾಡಿದ್ದೀರಾ ಇಲ್ಲವಾ. ಮನೆಯಲ್ಲೇ ಮಾಡಬಹುದೋ, ಬಸ್ ಹತ್ತಬೇಕೋ ಅನ್ನುವುದನ್ನು ಅಷ್ಟರಿಂದಲೇ ಹೇಳಬಲ್ಲೆ.